ರಾಯರ ಪೆಟ್ಟಿಗೆ

ಕಳೆದ ಮಾರ್ಗಶಿರದಲ್ಲಿ ಎಂಟು ದಿನ ನಮ್ಮ ನಡುಮನೆಯ ಮೇಜಿನ ಮೇಲೆ ಒಂದು ಪೆಟ್ಟಿಗೆ ಕುಳಿತಿತ್ತು. ನೋಡುವುದಕ್ಕೆ ಬೂದುಬಣ್ಣದ ಅಲ್ಯೂಮಿನಿಯಂ ಇಟ್ಟಿಗೆ. ತೂಕ ನಾಲ್ಕೂವರೆ ಕಿಲೋ. ನನ್ನಾಕೆ ಅದನ್ನು ಹಳೆಯ ಪೇಪರಿನವನ ತಕ್ಕಡಿಗೆ ಹಾಕಿಸಿ ನೋಡಿದ್ದಾಳೆ. ಬೆಲೆ 98,000 ರೂಪಾಯಿ. ಮುಂದುಗಡೆ ಒಂದು ಗುಂಡನೆಯ ತಿರುಗಣೆ, ಒಂದು ತೂತು, ಒಂದು ಮಿಣುಕು ದೀಪ, ಅಷ್ಟೆ. ಹೆಡ್‌ಫೋನು ಎಂದು ಈಗ ಹುಡುಗರೆಲ್ಲ ಕಿವಿಗೆ ಹಾಕಿಕೊಂಡು ತಿರುಗುತ್ತಾರಲ್ಲ, ಅದಕ್ಕೆ ವಿದ್ಯುತ್ತು ಉಣಿಸುವ ಆಂಪ್ಲಿಫೈಯರು ಅದು. ಬೇರೆ ಯಾವ ಕೆಲಸವೂ ಅದಕ್ಕೆ ಬರುವುದಿಲ್ಲ.

"ಇದರಿಂದ ಏನು ಬರುತ್ತೆ?" ಎಂದು ಇವಳು ಕೇಳಿದಳು.

"ಸಂಗೀತ" ಎಂದೆ.

"ಸಂಗೀತ ಫೋನಿನಿಂದ ಬರುತ್ತಲ್ಲ?"

"ಫೋನಿನಿಂದ ಬಂದದ್ದನ್ನು ಇದು ದೊಡ್ಡದು ಮಾಡುತ್ತೆ."

"ದೊಡ್ಡದು ಮಾಡೋದಕ್ಕೆ ಫೋನಿನಲ್ಲೇ ಗುಂಡಿ ಇದೆಯಲ್ಲ?"

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು ನಾನು. ಆದರೂ ಈ ಮೂರನೆಯ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಅದೆಲ್ಲ ನಿನಗೆ ತಿಳಿಯೋದಿಲ್ಲ" ಎಂದುಬಿಟ್ಟೆ. ಉತ್ತರ ತಿಳಿಯದ ಮೇಷ್ಟರು ಲಾಗಾಯ್ತಿನಿಂದಲೂ ಹೇಳಿಕೊಂಡು ಬಂದಿರುವ ಮಾತು ಅದು.

ಪೆಟ್ಟಿಗೆ ನನ್ನದಲ್ಲ. ಅಷ್ಟು ದುಡ್ಡನ್ನು ಒಂದೇ ಕಡೆ ಹಾಕುವ ಧೈರ್ಯ ನನಗಿದ್ದಿದ್ದರೆ ನಾನು ಮೇಷ್ಟರೇ ಆಗುತ್ತಿರಲಿಲ್ಲ. ಅದು ರಾಯರದು. ಪೂರ್ತಿ ಹೆಸರು ಬೇಡ. ರಾಯರು ಎಂದರೆ ಸಾಕು, ಮೈಸೂರಿನಲ್ಲಿ ಆ ಹೆಸರಿನ ಮರೆಯಲ್ಲಿ ಯಾರು ಬೇಕಾದರೂ ಅಡಗಿಕೊಳ್ಳಬಹುದು. ನಾನಿದ್ದ ಕಾಲೇಜಿನಲ್ಲೇ ಅವರು ಇತಿಹಾಸ ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಬೆಳಗಿನ ವಾಕಿಂಗು ಜೊತೆಯಲ್ಲೇ. ಅವರ ಶ್ರೀಮತಿಯವರು ಎರಡು ವರ್ಷದ ಕೆಳಗೆ ತೀರಿಕೊಂಡರು. ಆಕೆ ವೀಣೆ ನುಡಿಸುತ್ತಿದ್ದರು. ಕಚೇರಿಗೆಂದಲ್ಲ, ಮನೆಯ ಮಟ್ಟಿಗೆ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ. ನಾವು ಕಾಫಿಗೆ ಹೋದಾಗ ಒಳಗಿನ ಕೋಣೆಯಿಂದ ಕೇಳಿಸುತ್ತಿತ್ತು. ನಾವು ಬಂದದ್ದು ತಿಳಿದರೆ ನಿಲ್ಲಿಸಿಬಿಡುತ್ತಿದ್ದರು. 1980ರ ಸುಮಾರಿನಲ್ಲಿ ಒಂದು ದಿನ ರಾಯರು ಆಕೆಗೆ ತಿಳಿಯದಂತೆ ಬಾಗಿಲ ಮರೆಯಲ್ಲಿ ಟೇಪ್‌ರೆಕಾರ್ಡರು ಇಟ್ಟು ಒಂದು ಕ್ಯಾಸೆಟ್ಟಿನ ಒಂದು ಮಗ್ಗುಲು ತುಂಬ ಹಿಡಿದಿಟ್ಟಿದ್ದರು. ಈಗ ಉಳಿದಿರುವುದು ಅದೊಂದೇ. ಪುಣೆಯಲ್ಲಿರುವ ಮಗ ಅದನ್ನು ಫೋನಿಗೆ ಇಳಿಸಿಕೊಟ್ಟು, ಒಂದು ಜರ್ಮನ್ ಹೆಡ್‌ಫೋನನ್ನೂ ತಂದುಕೊಟ್ಟು ಹೋದ.

"ಹೆಡ್‌ಫೋನು ಯಾಕೆ ರಾಯರೆ? ಒಬ್ಬರೇ ಇದ್ದೀರಿ, ಸ್ಪೀಕರಿನಲ್ಲೇ ಹಾಕಿಕೊಳ್ಳಬಹುದಲ್ಲ?" ಎಂದು ನಾನು ಒಮ್ಮೆ ಕೇಳಿದ್ದುಂಟು.

"ಸ್ಪೀಕರಿನಲ್ಲಿ ಹಾಕಿದರೆ ಖಾಲಿ ಮನೆಯೂ ಸೇರಿಕೊಂಡು ಕೇಳಿಸುತ್ತೆ, ಸ್ವಾಮಿ" ಎಂದರು.

ಇದು ಭೌತಶಾಸ್ತ್ರದ ಪ್ರಕಾರವೂ ಸರಿಯಾದ ಮಾತು. ಜನ, ಹಾಸಿಗೆ, ಬಟ್ಟೆಬರೆ ಕಡಿಮೆಯಾದಷ್ಟೂ ಕೋಣೆಯ ಮಾರ್ದನಿ ಹೆಚ್ಚು. ಆದರೆ ರಾಯರು ಅದನ್ನು ಭೌತಶಾಸ್ತ್ರವಾಗಿ ಹೇಳಲಿಲ್ಲ. ನಾನು ಮುಂದೆ ಕೇಳಲಿಲ್ಲ.

ಆ ಹೆಡ್‌ಫೋನನ್ನು ಫೋನಿಗೆ ಸಿಕ್ಕಿಸಿದರೆ ವೀಣೆ ಎಲ್ಲೋ ನಾಲ್ಕು ಮನೆಯಾಚೆ ನುಡಿದಂತೆ ಕೇಳುತ್ತಿತ್ತು. ರಾಯರು ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ವಿಚಾರಿಸಿದರು. ಅಂಗಡಿಯವನು ಅವರನ್ನು ಮೆತ್ತೆಯ ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಈ ಇಟ್ಟಿಗೆಯನ್ನು ಕೇಳಿಸಿದ. ಹದಿನೈದು ದಿನದೊಳಗೆ ಹಿಂದಕ್ಕೆ ಕೊಟ್ಟರೆ ಶೇಕಡ ಹತ್ತು ಮುರಿದುಕೊಂಡು ಉಳಿದದ್ದು ವಾಪಸು ಎಂಬ ಕರಾರು. ಕಣ್ಣಿನ ಪೊರೆ ತೆಗೆಸುವುದಕ್ಕೆಂದು ಇಟ್ಟಿದ್ದ ಹಣದಲ್ಲಿ ರಾಯರು ಅದನ್ನು ಕೊಂಡು ತಂದರು. "ಕಣ್ಣು ಮುಂದಿನ ವರ್ಷ ನೋಡಿದರಾಯಿತು" ಎಂದರು. ಹೀಗೆ ಹೇಳಿದವರು ಅದೇ ಸಂಜೆ ನಮ್ಮ ಮನೆಯ ಮೆಟ್ಟಿಲಿನ ಮೇಲೆ ಎಡವಿದರು. ಆಮೇಲೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ನೀವು ಫಿಸಿಕ್ಸಿನವರು. ಒಂದು ವಾರ ಇಟ್ಟುಕೊಂಡು ನೋಡಿ. ಈ ಬೆಲೆಗೆ ಇದು ಬಾಳುತ್ತೋ ಇಲ್ಲವೋ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ" ಎಂದು ಹೇಳಿ ಹೋದರು.

ಇಂಥ ನಂಬಿಕೆ ಮನುಷ್ಯನನ್ನು ಎಷ್ಟು ಹಗುರಾಗಿ ಕೆಡಿಸುತ್ತದೆ ಎಂಬುದಕ್ಕೆ ಆ ರಾತ್ರಿ ನಾನು ಮಾಡಿದ ಕೆಲಸವೇ ಸಾಕ್ಷಿ.

ನನ್ನ ಬಳಿಯೂ ಒಂದು ಸಣ್ಣ ಆಂಪ್ಲಿಫೈಯರಿದೆ. ಬೆಂಕಿಪೊಟ್ಟಣದ ಬಂಡಲಿನಷ್ಟು ದೊಡ್ಡದು, 9,000 ರೂಪಾಯಿಯದು. ಅದರ ವಂಶಾವಳಿ ಸ್ವಾರಸ್ಯವಾಗಿದೆ. 2011ರಲ್ಲಿ ಹೆಸರು ಹೇಳಿಕೊಳ್ಳದ ಒಬ್ಬ ಎಂಜಿನಿಯರು, ಒಳ್ಳೆಯ ಹೆಡ್‌ಫೋನ್ ಆಂಪ್ಲಿಫೈಯರಿಗೆ ದೊಡ್ಡ ದುಡ್ಡು ಬೇಕಾಗಿಲ್ಲ ಎಂದು ತೋರಿಸುವ ಹಟಕ್ಕೆ ಬಿದ್ದು 'ಓ-ಟೂ' ಎಂಬ ಒಂದನ್ನು ರಚಿಸಿ, ಅದರ ನಕ್ಷೆಯನ್ನೂ ಅಳತೆಗಳನ್ನೂ ಲೋಕಕ್ಕೆಲ್ಲ ಬಿಟ್ಟಿಯಾಗಿ ಹಂಚಿದ. ಮರುವರ್ಷ ಸದ್ದಿಲ್ಲದೆ ಮಾಯವಾದ. ಅವನು ಯಾರೆಂಬುದನ್ನು ಆತ ಎಂದೂ ಹೊರಗೆಡಹಲಿಲ್ಲ. ಆ ನಕ್ಷೆಯನ್ನು ಹಿಡಿದು ಎಷ್ಟೋ ಜನ ಪೆಟ್ಟಿಗೆ ಕಟ್ಟಿ ಮಾರಿದರು, ನನ್ನದು ಅಂಥದೊಂದು.

ರಾತ್ರಿ ಊಟವಾದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟೆ. ಎರಡರ ತಿರುಗಣೆಯನ್ನೂ ಗಡಿಯಾರದ ಹನ್ನೆರಡು ಗಂಟೆಯ ಕಡೆಗೆ ತಿರುಗಿಸಿದೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಧ್ವನಿಮುದ್ರಿಕೆ ಹಾಕಿಕೊಂಡು ಮೊದಲು ನನ್ನ ಬೆಂಕಿಪೊಟ್ಟಣದಲ್ಲಿ ಕೇಳಿದೆ, ಆಮೇಲೆ ರಾಯರ ಇಟ್ಟಿಗೆಯಲ್ಲಿ. ಏನು ಹೇಳಲಿ! ಮನ್ಸೂರರು ಎರಡು ಹೆಜ್ಜೆ ಮುಂದೆ ಬಂದು ಕುಳಿತರು. ತಂಬೂರಿಯ ತಂತಿಗಳು ಒಂದೊಂದೇ ಬಿಡಿಬಿಡಿಯಾಗಿ ಅರಳಿದವು. ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸಿತು. ಹೊತ್ತು ಹತ್ತೂವರೆಯಾಗಿತ್ತು, ಆದರೂ ತಡೆಯಲಾರದೆ ರಾಯರಿಗೆ ಫೋನು ಮಾಡಿ, "ರಾಯರೆ, ಪರದೆ ಸರಿಸಿದ ಹಾಗಾಯಿತು. ಇಟ್ಟುಕೊಳ್ಳಿ, ಎರಡು ಮಾತಿಲ್ಲ" ಎಂದೆ. ಆ ಕಡೆಯಿಂದ ರಾಯರು, "ನನಗೂ ಹಾಗೇ ಅನ್ನಿಸಿತು. ನೀವು ಹೇಳಿದಿರಲ್ಲ, ಇನ್ನು ನಿಶ್ಚಿಂತೆ" ಎಂದರು.

'ಪರದೆ ಸರಿಸಿದ ಹಾಗೆ' ಎಂಬ ಮಾತು ನನ್ನದಲ್ಲ ಎಂಬುದು ಹಾಸಿಗೆಯ ಮೇಲೆ ಮಲಗಿದ ಮೇಲೆ ನೆನಪಾಯಿತು. ಇಂಥ ಯಂತ್ರಗಳ ವಿಮರ್ಶೆ ಬರೆಯುವವರೆಲ್ಲ ಅದನ್ನು ಬಳಸುತ್ತಾರೆ. 'ಹಿನ್ನೆಲೆ ಕಗ್ಗತ್ತಲೆಯಷ್ಟು ನಿಶ್ಶಬ್ದ', 'ಸ್ವರಗಳ ನಡುವೆ ಗಾಳಿಯಾಡುತ್ತದೆ', 'ಮಂದ್ರಕ್ಕೆ ಮೈಬಂದಿದೆ' ಎಂದು ಮುಂತಾಗಿ. ನಮ್ಮ ಪತ್ರಿಕೆಗಳ ಸಂಗೀತ ವಿಮರ್ಶೆಯಲ್ಲಿ ಪ್ರತಿ ಕಚೇರಿಯೂ 'ವಿದ್ವತ್ಪೂರ್ಣ'ವಾಗಿದ್ದು 'ಶ್ರೋತೃಗಳ ಮನ ತಣಿಸು'ವಂತೆಯೇ ಇದೂ. ಈ ಮಾತುಗಳನ್ನು ಒಮ್ಮೆ ಓದಿಬಿಟ್ಟರೆ ತೀರಿತು. ಕಿವಿಗೆ ಏನು ಬಿದ್ದರೂ ನಾಲಗೆಗೆ ಅವೇ ಬರುತ್ತವೆ.

ನಿದ್ದೆ ಬರಲಿಲ್ಲ. ಇಷ್ಟು ವರ್ಷ ಹುಡುಗರಿಗೆ 'ಒಂದು ಪ್ರಯೋಗದಲ್ಲಿ ಒಂದೇ ಸಂಗತಿಯನ್ನು ಬದಲಾಯಿಸಬೇಕು' ಎಂದು ಬೋರ್ಡಿನ ಮೇಲೆ ಬರೆದವನು ನಾನು. ತಿರುಗಣೆಗಳನ್ನು ಕಣ್ಣಳತೆಯಲ್ಲಿ ಹನ್ನೆರಡು ಗಂಟೆಗೆ ನಿಲ್ಲಿಸಿದ್ದೆ. ಎರಡು ಗಡಿಯಾರದಲ್ಲಿ ಹನ್ನೆರಡಾದರೆ ಹೊತ್ತು ಒಂದೇ ಎನ್ನಬಹುದು. ಎರಡು ಆಂಪ್ಲಿಫೈಯರಿನಲ್ಲಿ ಹನ್ನೆರಡಾದರೆ ಸದ್ದು ಒಂದೇ ಎಂದು ಯಾರು ಹೇಳಿದರು?

ಬೆಳಿಗ್ಗೆ ಎದ್ದು ಮೀಟರು ಹಿಡಿದೆ. ನನ್ನದು ಮೂಲೆಯಂಗಡಿಯ ಅಗ್ಗದ ಮೀಟರು. ಮನೆಯ ಕರೆಂಟು ಅಳೆಯುವುದಕ್ಕೆ ಮಾಡಿದ್ದು. ಆ ಕರೆಂಟು ಸೆಕೆಂಡಿಗೆ 50 ಸಲ ತೂಗಾಡುವುದರಿಂದ, ಅದಕ್ಕೆ ಸಮೀಪದ 100 ಹರ್ಟ್ಸಿನ ಒಂದು ಸ್ವರವನ್ನು ಫೋನಿನಿಂದ ಕಳಿಸಿ ಅಳೆದರೆ ಇಂಥ ಮೀಟರೂ ಸುಳ್ಳು ಹೇಳುವುದಿಲ್ಲ. ನನ್ನ ಪೆಟ್ಟಿಗೆ ಹನ್ನೆರಡು ಗಂಟೆಯಲ್ಲಿ ಕೊಡುತ್ತಿದ್ದದ್ದು 0.50 ವೋಲ್ಟು, ರಾಯರದು 0.66. ಲೆಕ್ಕ ಹಾಕಿದರೆ ಸುಮಾರು ಎರಡೂವರೆ ಡೆಸಿಬೆಲ್ ಹೆಚ್ಚು. ರಾಯರ ಪೆಟ್ಟಿಗೆ ಚೆನ್ನಾಗಿ ಹಾಡಿರಲಿಲ್ಲ, ಜೋರಾಗಿ ಹಾಡಿತ್ತು.

ಎರಡೂವರೆ ಡೆಸಿಬೆಲ್ ಎಂದರೆ 'ಓ, ಸದ್ದು ಜಾಸ್ತಿಯಾಯಿತು' ಎಂದು ಎದ್ದು ಕಾಣುವಷ್ಟಲ್ಲ. ತಾಪತ್ರಯವೆಲ್ಲ ಅಲ್ಲೇ ಇರುವುದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ತೋರಿಸಿದ್ದಾರೆ: ಸದ್ದು ಸಣ್ಣದಾಗಿರುವಾಗ ನಮ್ಮ ಕಿವಿ ಮಂದ್ರದ ಸ್ವರಗಳಿಗೆ ತೀರ ಮಂದ, ಸದ್ದು ಏರಿದ ಹಾಗೆ ಮಂದ್ರವೂ ತುಂಬಿಕೊಂಡು ಬರುತ್ತದೆ. ಆದ್ದರಿಂದ ಸ್ವಲ್ಪ ಜೋರಾದದ್ದು ನಮಗೆ ಜೋರಾಗಿ ಕೇಳಿಸುವುದಿಲ್ಲ. ತುಂಬಿದ ಹಾಗೆ, ಹತ್ತಿರ ಬಂದ ಹಾಗೆ ಕೇಳಿಸುತ್ತದೆ. ಕೂಡಿಸಿ ಕಾಫಿ ಕೊಡುವ ಅಂಗಡಿಯವರಿಗೆ ಈ ಸೂತ್ರ ಪುಸ್ತಕ ಓದದೆಯೇ ಗೊತ್ತಿರುತ್ತದೆ.

ಈಗ ನನ್ನಾಕೆಯ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಅದು ಬಹಳ ಒಳ್ಳೆಯ ಪ್ರಶ್ನೆಯಾಗಿತ್ತು. ಫೋನಿನಲ್ಲೇ ಗುಂಡಿಯಿರುವಾಗ ಆಂಪ್ಲಿಫೈಯರು ಏಕೆ? ರಾಯರ ಹೆಡ್‌ಫೋನು ಸೆನ್‌ಹೈಸರ್ ಎಚ್.ಡಿ. 600, 1997ರಿಂದ ಬಂದಿರುವ ಮಾದರಿ. ಅದರ ಒಳಗಿನ ಸುರುಳಿಯ ತಡೆ 300 ಓಮ್. ಫೋನಿಗೆಂದೇ ಮಾಡಿದ ಹೆಡ್‌ಫೋನುಗಳಲ್ಲಿ ಅದು 16 ಅಥವಾ 32 ಓಮ್ ಇರುತ್ತದೆ. ತಡೆ ಹೆಚ್ಚಾದಷ್ಟೂ ಅದೇ ಶಕ್ತಿ ತಲುಪಿಸುವುದಕ್ಕೆ ಹೆಚ್ಚು ವೋಲ್ಟು ಬೇಕು. ಫೋನಿನ ಬಾಲಕ್ಕೆ ಸಿಕ್ಕಿಸುವ ಪುಟ್ಟ ತಂತಿ ಕೊಡುವುದು ಹೆಚ್ಚೆಂದರೆ ಸುಮಾರು ಒಂದು ವೋಲ್ಟು. ಸಿನಿಮಾ ಹಾಡಿಗೆ ಅಷ್ಟು ಸಾಕು, ಏಕೆಂದರೆ ಅದನ್ನು ಮೊದಲೇ ಗಂಟಲು ಹರಿಯುವಷ್ಟು ಜೋರಾಗಿ ಮುದ್ರಿಸಿರುತ್ತಾರೆ. ಬಾಗಿಲ ಮರೆಯಿಂದ ಕದ್ದು ಹಿಡಿದ ವೀಣೆಗೆ ಸಾಲದು. ಹೀಗಾಗಿ ರಾಯರಿಗೆ ಒಂದು ಆಂಪ್ಲಿಫೈಯರು ಬೇಕಿದ್ದದ್ದು ನಿಜ. ಬೇಕಿದ್ದದ್ದು ಈ ಆಂಪ್ಲಿಫೈಯರೇ ಹೌದೋ ಎಂಬುದು ಬೇರೆ ಪ್ರಶ್ನೆ. ಜ್ವರಕ್ಕೆ ಔಷಧ ಬೇಕು ಎಂಬುದರಿಂದ ಬೆಳ್ಳಿಯ ಬಾಟಲಿಯೇ ಬೇಕು ಎಂದಾಗುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಂಪ್ಲಿಫೈಯರಿನ ಕೆಲಸ ಒಂದು ಕಾಲಕ್ಕೆ ನಿಜವಾಗಿಯೂ ಕಷ್ಟದ್ದಾಗಿತ್ತು. 1927ರ ಆಗಸ್ಟಿನ ಒಂದು ಬೆಳಿಗ್ಗೆ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ನ್ಯೂಯಾರ್ಕಿನ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಆಫೀಸಿಗೆ ಹೋಗುತ್ತಿದ್ದ. ಟೆಲಿಫೋನು ತಂತಿಯ ಉದ್ದಕ್ಕೂ ಇಟ್ಟ ಆಂಪ್ಲಿಫೈಯರುಗಳು ಒಂದೊಂದೂ ಮಾತನ್ನು ಇಷ್ಟಿಷ್ಟು ಕೆಡಿಸುತ್ತ ಹೋಗುತ್ತಿದ್ದವು. ಅದಕ್ಕೆ ಪರಿಹಾರ ಹುಡುಕಿ ವರ್ಷಗಳೇ ಆಗಿದ್ದವು. ದೋಣಿಯಲ್ಲಿ ನಿಂತಿದ್ದಾಗ ಥಟ್ಟನೆ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಗೀಚಿಕೊಂಡ. ಹೊರಗೆ ಬಂದದ್ದರ ಒಂದು ಪಾಲನ್ನು ತಲೆಕೆಳಗು ಮಾಡಿ ಒಳಕ್ಕೆ ತಂದು, ಒಳಗೆ ಹೋದದ್ದರೊಡನೆ ಹೋಲಿಸಿದರೆ, ಯಂತ್ರ ತಾನು ಮಾಡಿದ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಇಷ್ಟೆ. ಪೇಟೆಂಟು ಕಚೇರಿ ಇದನ್ನು ಒಪ್ಪುವುದಕ್ಕೆ ಒಂಬತ್ತು ವರ್ಷದ ಮೇಲಾಯಿತು. ಆ ಉಪಾಯ ಈಗ ಉಗುರಿನಷ್ಟು ದೊಡ್ಡ, ಕೆಲವೇ ರೂಪಾಯಿ ಬೆಲೆಯ ಚಿಪ್ಪಿನೊಳಗೂ ಸೇರಿಕೊಂಡಿದೆ. ಅಂಥ ಚಿಪ್ಪು ಮಾಡುವ ವಿಕಾರ ಸಾವಿರಕ್ಕೆ ಒಂದು ಪಾಲಿಗಿಂತಲೂ ಬಹಳ ಕಡಿಮೆ. ತೊಂಬತ್ತೆಂಟು ಸಾವಿರದ ಪೆಟ್ಟಿಗೆ ಅದನ್ನು ಇನ್ನಷ್ಟು ಇಳಿಸಿರಬಹುದು. ಆದರೆ ಮೊದಲೇ ಕೇಳಿಸದೆ ಇದ್ದದ್ದು ಇನ್ನೂ ಕೇಳಿಸದೆ ಹೋದರೆ ಅದಕ್ಕೆ ಬೆಲೆ ಎಷ್ಟು ಕಟ್ಟುವುದು?

ಹಾಗೆಂದು ಎಲ್ಲ ಆಂಪ್ಲಿಫೈಯರುಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ವಾಲ್ವು ಹಾಕಿದ ಕೆಲವು ಪೆಟ್ಟಿಗೆಗಳಲ್ಲಿ ಒಳತಡೆಯೇ ನೂರು ಓಮ್ ಇರುತ್ತದೆ. ಈ ಹೆಡ್‌ಫೋನಿನ ತಡೆಯೂ ಎಲ್ಲ ಸ್ವರಕ್ಕೂ ಒಂದೇ ಅಲ್ಲ, ಮಂದ್ರದಲ್ಲಿ ಏರುತ್ತದೆ. ಎರಡೂ ಸೇರಿದಾಗ ಮಂದ್ರ ಒಂದು ಡೆಸಿಬೆಲಿನಷ್ಟು ಉಬ್ಬುತ್ತದೆ. ಕಿವಿಗೆ ಹಿತವಾಗಿಯೇ ಇರುತ್ತದೆ. ನಮ್ಮ ಮನೆಗೆ 1964ರಲ್ಲಿ ವಾಲ್ವು ರೇಡಿಯೋ ಬಂದಾಗ ಗುಂಡಿ ತಿರುಗಿಸಿ ಅದು ಕಾಯುವ ತನಕ ಎಲ್ಲರೂ ಅದರ ಹಸಿರು ಕಣ್ಣನ್ನೇ ನೋಡುತ್ತ ಕೂರುತ್ತಿದ್ದೆವು. ಅದಕ್ಕೆ ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಲೈಸೆನ್ಸು ಕಟ್ಟಬೇಕು. ಆ ರೇಡಿಯೋದ ಧ್ವನಿಗೆ ಸಮನಾದದ್ದನ್ನು ನಾನು ಇಂದಿಗೂ ಕೇಳಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಮೀಟರು ಹಿಡಿದರೆ ಅದು ನೂರಕ್ಕೆ ಐದು ಪಾಲು ವಿಕಾರ ತೋರಿಸುತ್ತಿತ್ತೋ ಏನೋ. ಈ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರಾಗಿರಲಿಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕೇಳುವ ವಿಷಯದಲ್ಲಿ ಮೊದಲು ಕೈಹಾಕಬೇಕಾದವರು ಅವರೇ ಎಂದು ಈಗ ತೋರುತ್ತದೆ.

ಎರಡನೆಯ ದಿನ ಇನ್ನೊಂದು ಕೆಲಸ ಮಾಡಿದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ಅದು 1,00,000 ಹರ್ಟ್ಸಿನ ತನಕ ನಿಷ್ಠೆಯಿಂದ ನುಡಿಯುತ್ತದೆ ಎಂದು ಬರೆದಿತ್ತು. ಅದು ಬಾವಲಿಗೆ ಬೇಕಾಗುವ ಸಂಗತಿ. ಎಳೆಯ ಮನುಷ್ಯನ ಕಿವಿ 20,000ದ ತನಕ ಕೇಳೀತು. ನನ್ನದು? ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಪರೀಕ್ಷೆ 250ರಿಂದ 8,000 ಹರ್ಟ್ಸಿನವರೆಗೆ. ಕೊನೆಕೊನೆಗೆ ನಾನು ಗುಂಡಿ ಒತ್ತದೆ ಸುಮ್ಮನೆ ಕುಳಿತಿದ್ದೆ. ಪರೀಕ್ಷೆ ಮುಗಿಯಿತೆಂದು ತಿಳಿದಿದ್ದೆ. ಮುಗಿದಿರಲಿಲ್ಲ. ನಕ್ಷೆಯ ಗೆರೆ 4,000ದ ತನಕ ಮರ್ಯಾದೆಯಾಗಿ ನಡೆದು ಬಂದು ಅಲ್ಲಿಂದ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ಇಳಿದುಬಿಟ್ಟಿತ್ತು. "ವಯಸ್ಸಿಗೆ ಸಹಜ ಸಾರ್" ಎಂದಳು ಆ ಹುಡುಗಿ, ಬಹಳ ಮೃದುವಾಗಿ. ರಾಯರು ತಮ್ಮ ತೊಂಬತ್ತೆಂಟು ಸಾವಿರದ ತೀರ್ಪನ್ನು ಒಪ್ಪಿಸಿದ್ದು ಈ ಕಿವಿಗೆ. ರಾಯರಿಗೆ ನನಗಿಂತ ಮೂರು ವರ್ಷ ಹೆಚ್ಚು.

ಮೂರನೆಯ ದಿನ ಪ್ರಯೋಗ. ಫೋನಿನಿಂದ ಬಂದ ತಂತಿಯನ್ನು ಕವಲೊಡೆಸಿ ಎರಡೂ ಪೆಟ್ಟಿಗೆಗೆ ಕೊಟ್ಟೆ. ಎರಡರ ಹೊರದಾರಿಯನ್ನೂ ಒಂದು ಸ್ವಿಚ್ಚಿನ ಪೆಟ್ಟಿಗೆಗೆ ತಂದು ಅಲ್ಲಿಂದ ಹೆಡ್‌ಫೋನಿಗೆ. ಮೀಟರಿಟ್ಟು ಎರಡನ್ನೂ 0.50 ವೋಲ್ಟಿಗೆ ಸರಿಗಟ್ಟಿದೆ. ನೂರಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಎಂದರೆ 0.1 ಡೆಸಿಬೆಲ್ ಮೀರಿದರೆ, ಪ್ರಯೋಗ ಕೆಟ್ಟ ಹಾಗೆ. ಸ್ವಿಚ್ಚಿನ ಎರಡು ಕಡೆಗೆ 'ಅ' ಮತ್ತು 'ಆ' ಎಂದು ಚೀಟಿ ಅಂಟಿಸಿ, ನಡುವೆ ಹೊದಿಕೆಯೊಂದನ್ನು ಇಳಿಬಿಟ್ಟು, ಆಚೆ ಕಡೆ ನನ್ನಾಕೆಯನ್ನು ಕೂರಿಸಿದೆ. ಅವಳಿಗೆ ಒಂದು ರೂಪಾಯಿ ನಾಣ್ಯ ಮತ್ತು ಹಾಲಿನ ಲೆಕ್ಕದ ಪುಸ್ತಕ. ನಾಣ್ಯ ಚಿಮ್ಮಬೇಕು, ರಾಜಮುದ್ರೆ ಬಿದ್ದರೆ 'ಅ', ಅಂಕಿ ಬಿದ್ದರೆ 'ಆ'. ಪ್ರತಿ ಸಲವೂ ಸ್ವಿಚ್ಚನ್ನು ನಡುವಿಗೆ ತಂದು ಮತ್ತೆ ಸರಿಸಬೇಕು, 'ಟಕ್' ಎಂಬ ಸದ್ದಿನಿಂದ ನನಗೆ ಗುಟ್ಟು ತಿಳಿಯಬಾರದು. 'ಅ' ಯಾವ ಪೆಟ್ಟಿಗೆ, 'ಆ' ಯಾವುದು ಎಂಬುದು ಅವಳಿಗೂ ಗೊತ್ತಿಲ್ಲ.

"ಇದೇನು ಸೆರಗಿನ ಮರೆಯಲ್ಲಿ ಮದುವೆ ಶಾಸ್ತ್ರದ ಹಾಗೆ?" ಎಂದಳು. ಆದರೆ ಕೂತಳು. ಮೊದಲು ಎರಡನ್ನೂ ತೆರೆದ ಕಣ್ಣಿನಿಂದ ಎಷ್ಟು ಬೇಕೋ ಅಷ್ಟು ಸಲ ಕೇಳಿಕೊಂಡೆ. ವ್ಯತ್ಯಾಸ ಕೇಳಿಸಿತು! ವೋಲ್ಟು ಸಮವಾದ ಮೇಲೂ ರಾಯರದು ಕೊಂಚ ಗಂಭೀರ, ನನ್ನದು ಕೊಂಚ ತೆಳು. ಆಣೆಯಿಟ್ಟು ಹೇಳುತ್ತಿದ್ದೆ. ಆಮೇಲೆ ಹೊದಿಕೆ ಇಳಿಯಿತು. 'ಟಕ್'. ಮನ್ಸೂರರು ಹಾಡಿದರು. ಇದು ರಾಯರದು ಎಂದೆ. 'ಟಕ್'. ಇದು... ಇದೂ ರಾಯರದೇ. ಆರನೆಯ ಸಲದ ಹೊತ್ತಿಗೆ ಅಂಗೈ ಬೆವರಿತು. ಪರೀಕ್ಷೆಯ ಹಾಲಿನಲ್ಲಿ ಹುಡುಗರ ನಡುವೆ ಓಡಾಡಿದವನಿಗೆ, ಬೆಂಚಿನ ಮೇಲೆ ಕುಳಿತವನ ಪಾಡು ಎಷ್ಟೋ ವರ್ಷದ ಮೇಲೆ ನೆನಪಾಯಿತು. ಕಣ್ಣು ತೆರೆದಿದ್ದಾಗ ಅಷ್ಟು ಸ್ಪಷ್ಟವಾಗಿದ್ದ ಗಾಂಭೀರ್ಯ ಈಗ ಹಿಡಿಯಹೋದರೆ ಸಿಗುತ್ತಿರಲಿಲ್ಲ.

ಇಪ್ಪತ್ತು ಸಲ. ಇಪ್ಪತ್ತರಲ್ಲಿ ಹದಿನೈದು ಸರಿಯಾದರೆ ನಿಜವಾಗಿಯೂ ಏನೋ ಕೇಳಿಸುತ್ತಿದೆ ಎನ್ನಬಹುದು. ಬರಿಯ ಅದೃಷ್ಟದಿಂದ ಹಾಗಾಗುವುದು ನೂರಕ್ಕೆ ಎರಡು ಸಲ ಮಾತ್ರ. ಹಾಲಿನ ಪುಸ್ತಕ ತೆಗೆದು ತಾಳೆ ನೋಡಿದೆವು. ನನ್ನದು ಹನ್ನೊಂದು.

"ಹಾಗಾದರೆ ನಾಣ್ಯವೇ ಹೇಳುತ್ತಿತ್ತಲ್ಲ, ನೀವು ಯಾಕೆ ಕೂರಬೇಕಿತ್ತು?" ಎಂದಳು ಇವಳು.

ಇಂಥ ಸೋಲಿಗೆ ದೊಡ್ಡವರ ಪೂರ್ವನಿದರ್ಶನವಿದೆ ಎಂಬುದೇ ಸಮಾಧಾನ. 1985ರಲ್ಲಿ ಅಮೆರಿಕದ 'ಸ್ಟೀರಿಯೋಫೈಲ್' ಪತ್ರಿಕೆಯ ವಿಮರ್ಶಕರಿಗೆ ಬಾಬ್ ಕಾರ್ವರ್ ಎಂಬ ಎಂಜಿನಿಯರು ಸವಾಲು ಹಾಕಿದ: ನೀವು ಮೆಚ್ಚುವ ಎಷ್ಟೇ ದುಬಾರಿಯ ಆಂಪ್ಲಿಫೈಯರು ಕೊಡಿ, ನನ್ನ ಅಗ್ಗದ್ದನ್ನು ಅದರ ಹಾಗೇ ನುಡಿಯುವಂತೆ ಮಾಡುತ್ತೇನೆ ಎಂದ. ಎರಡಕ್ಕೂ ಒಂದೇ ಸಂಗೀತ ಕೊಟ್ಟು, ಒಂದರಿಂದ ಬಂದದ್ದನ್ನು ಇನ್ನೊಂದರಿಂದ ಕಳೆದು, ಉಳಿಯುವುದು ಏನೂ ಇಲ್ಲ ಎನ್ನುವ ತನಕ ತನ್ನದನ್ನು ತಿದ್ದುತ್ತ ಹೋದ. ಕೊನೆಗೆ ವಿಮರ್ಶಕರು ವ್ಯತ್ಯಾಸ ಹೇಳಲಾರೆವು ಎಂದು ಒಪ್ಪಿಕೊಂಡರು. ಆದರೆ ಅವರು ಯಾರೂ ಅದಕ್ಕೆ ಮುಂಚೆ ರಾತ್ರಿ ಹತ್ತೂವರೆಗೆ ಫೋನು ಮಾಡಿ ಯಾರ ಕಣ್ಣಿನ ಆಪರೇಷನ್ನನ್ನೂ ಮುಂದೂಡಿರಲಿಲ್ಲ.

ಇನ್ನು ನಾಲ್ಕೈದು ದಿನ ನಾನು ಏನೂ ಮಾಡಲಿಲ್ಲ. ಬೆಳಗಿನ ವಾಕಿಂಗಿಗೆ ನೆಗಡಿಯ ನೆಪ ಹೇಳಿದೆ. ಪೆಟ್ಟಿಗೆ ಮೇಜಿನ ಮೇಲೆ ಬೆಚ್ಚಗೆ ಕುಳಿತಿತ್ತು. ಅದು 'ಕ್ಲಾಸ್ ಎ' ಜಾತಿಯದು. ಹಾಡಲಿ ಬಿಡಲಿ, ಒಂದೇ ಸಮ ಕರೆಂಟು ಕುಡಿದು ಕಾಯುತ್ತಿರುತ್ತದೆ. ಮಾರ್ಗಶಿರದ ಚಳಿಯಲ್ಲಿ ಮೊಸರು ಹೆಪ್ಪಾಗುತ್ತಿಲ್ಲವೆಂದು ಇವಳು ಒಂದು ರಾತ್ರಿ ಪಾತ್ರೆಯನ್ನು ಅದರ ಮೇಲಿಡಲು ಬಂದಿದ್ದಳು, ಕೈಮುಗಿದು ತಪ್ಪಿಸಿದೆ.

ಆ ದಿನಗಳಲ್ಲಿ ಪೆಟ್ಟಿಗೆಯ ಪರವಾಗಿ ವಕಾಲತ್ತು ಕೂಡ ಮಾಡಿಕೊಂಡೆ. ತಿರುಗಣೆ ಎಷ್ಟು ನಯ! ಬೆಣ್ಣೆಯಲ್ಲಿ ತಿರುಗಿದ ಹಾಗೆ. ಒಂದು ತಿರುಪಿನ ತಲೆಯೂ ಹೊರಗೆ ಕಾಣುವುದಿಲ್ಲ. ಇಪ್ಪತ್ತು ವರ್ಷ ಬಾಳುವ ವಸ್ತು. ನಮ್ಮ ಮನೆಯಲ್ಲೇ ಮದುವೆಯಲ್ಲಿ ಬಂದ ಒಂದು ಬೆಳ್ಳಿಯ ಲೋಟವಿದೆ, ಹಬ್ಬದ ದಿನ ಅದರಲ್ಲಿ ಕಾಫಿ ಕುಡಿಯುತ್ತೇನೆ, ಆ ಕಾಫಿಯ ಸುಖವೇ ಬೇರೆ. ಡಿಕಾಕ್ಷನ್ ಬದಲಾಗಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಕುಡಿಯುತ್ತೇನೆ. ದುಡ್ಡಿದ್ದವನು ಇಂಥ ಪೆಟ್ಟಿಗೆಯನ್ನು ಅದರ ಅಂದಕ್ಕಾಗಿ ಕೊಂಡರೆ ನಾನು ಬೇಡವೆನ್ನುವವನಲ್ಲ. ಆದರೆ ರಾಯರು ಕೊಂಡದ್ದು ಅಂದಕ್ಕಾಗಿ ಅಲ್ಲ. ಅದರೊಳಗೆ ಏನೋ ಇದೆ ಎಂದು. ಇದೆ ಎಂದು ಸಾಕ್ಷಿ ಹೇಳಿದವನು ನಾನು.

ಎಂಟನೆಯ ದಿನ ಎರಡೂ ಪೆಟ್ಟಿಗೆ, ಮೀಟರು, ಸ್ವಿಚ್ಚು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಆಟೋದಲ್ಲಿ ರಾಯರ ಮನೆಗೆ ಹೋದೆ. ಕರಾರಿಗೆ ಇನ್ನು ನಾಲ್ಕು ದಿನ ಉಳಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ತಿರುಗಣೆ, ಎರಡೂವರೆ ಡೆಸಿಬೆಲ್, ಕಿವಿಯ ನಕ್ಷೆ, ಹನ್ನೊಂದು. ರಾಯರು ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು,

"ಆದರೆ ಈ ಪೆಟ್ಟಿಗೆ ಬಂದ ಮೇಲೇ ನನಗೆ ಒಂದು ಕೇಳಿಸಿದ್ದು. ನೀವು ನಂಬೋದಿಲ್ಲ" ಎಂದರು. "ಕ್ಯಾಸೆಟ್ಟಿನ ಶುರುವಿನಲ್ಲಿ, ಶ್ರುತಿ ಮಾಡಿಕೊಂಡಾದ ಮೇಲೆ, ಮೊದಲ ಮೀಟಿಗೆ ಮುಂಚೆ, ಅವಳು ಸಣ್ಣಗೆ ಗುನುಗಿಕೊಳ್ತಾಳೆ. ಎರಡೇ ಸ್ವರ. ನಲವತ್ತು ವರ್ಷ ಈ ಕ್ಯಾಸೆಟ್ಟು ಕೇಳಿದ್ದೀನಿ, ಒಂದು ದಿನವೂ ಕೇಳಿಸಿರಲಿಲ್ಲ. ಅದಕ್ಕೇ ಇದನ್ನ ಕೊಂಡದ್ದು."

ಅಷ್ಟು ದಿನ ಅವರು ಈ ಮಾತನ್ನು ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಮೀಟರು ಹಿಡಿಯುತ್ತಿದ್ದೆನೋ ಇಲ್ಲವೋ.

ಆದರೂ ಚೀಲ ಬಿಚ್ಚಿದೆ. ವೋಲ್ಟು ಸರಿಗಟ್ಟಿದೆ, ಕದ್ದು ಹಿಡಿದ ಸಣ್ಣ ಸದ್ದಿಗೆ ಬೇಕಾದಷ್ಟು ಏರಿಸಿಯೇ ಸರಿಗಟ್ಟಿದೆ. ಹೊದಿಕೆಗೆ ಅವರ ಶಾಲು. ಈ ಸಲ ನಾಣ್ಯ ಚಿಮ್ಮುವವನು ನಾನೇ. ಯಾವುದು ಯಾವುದೆಂಬುದು ನನಗೆ ಗೊತ್ತಿದ್ದದ್ದು ಶಾಸ್ತ್ರಕ್ಕೆ ವಿರೋಧ, ಆದರೆ ಬೇರೆ ಯಾರೂ ಇರಲಿಲ್ಲ. ರಾಯರು ಕಣ್ಣು ಮುಚ್ಚಿ ಕುಳಿತರು. ಕ್ಯಾಸೆಟ್ಟಿನ ಮೊದಲ ಒಂದು ನಿಮಿಷ ಮಾತ್ರ. 'ಟಕ್'. ಮತ್ತೆ ಮೊದಲಿನಿಂದ. 'ಟಕ್'. ಮೊದಲ ಎರಡು ಮೂರು ಸಲ 'ಇದು ದೊಡ್ಡದು', 'ಇದು ಚಿಕ್ಕದು' ಎಂದರು. ಆಮೇಲೆ ಹೇಳುವುದನ್ನು ಬಿಟ್ಟರು. ನಾನು ಶಾಲಿನ ಈಚೆಯಿಂದ "ಯಾವುದು ರಾಯರೆ?" ಎಂದು ಕೇಳಿದರೂ ಮಾತಿಲ್ಲ. ಏಳನೆಯ ಸಲಕ್ಕೆ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಸಾಕು ಸ್ವಾಮಿ. ಎರಡರಲ್ಲೂ ಇದ್ದಾಳೆ" ಎಂದರು.

ನಾನು ಸ್ವಿಚ್ಚಿನ ಮೇಲಿನ ಚೀಟಿಗಳನ್ನು ಕೀಳುತ್ತ ಕುಳಿತೆ. ರಾಯರು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಲೋಟವನ್ನು ಮೇಜಿನ ಅಂಚಿಗೆ ತಾಗಿಸಿ ಸ್ವಲ್ಪ ಚೆಲ್ಲಿದರು. ಕೂತು ಇತಿಹಾಸದ ಮೇಷ್ಟರ ದನಿಯಲ್ಲಿ, "ಶೇಕಡ ಹತ್ತು ಅಂದರೆ 9,800. ನಿಮ್ಮ ಪೆಟ್ಟಿಗೆಗೆ ಕೊಟ್ಟದ್ದು ಎಷ್ಟು ಅಂದಿರಿ?" ಎಂದು ಕೇಳಿದರು.

"9,000."

"ಹಾಗಾದರೆ ಕೇಳಿಸುವುದಿಲ್ಲ ಅಂತ ತಿಳಿದುಕೊಳ್ಳೋದಕ್ಕೆ ಕೊಟ್ಟದ್ದು, ಕೇಳೋದಕ್ಕೆ ಕೊಡೋದಕ್ಕಿಂತ ಜಾಸ್ತಿಯಾಯಿತು" ಎಂದು ನಕ್ಕರು.

ಮರುದಿನ ಇಬ್ಬರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಅಂಗಡಿಯವನು ಈ ಸಲ ಕಾಫಿ ಕೊಡಲಿಲ್ಲ. ಪೆಟ್ಟಿಗೆಯನ್ನು ನಾಲ್ಕು ಮಗ್ಗುಲೂ ತಿರುಗಿಸಿ ಗೀರು ಹುಡುಕಿದ, ಸಿಗಲಿಲ್ಲ. ಮೊಸರಿನ ಪಾತ್ರೆಯನ್ನು ನೆನೆದು ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಬಲಗಣ್ಣಿನ ಆಪರೇಷನ್ನು ಸಂಕ್ರಾಂತಿಯಾದ ವಾರಕ್ಕೆ ಆಯಿತು. ಎಡಗಣ್ಣಿಗೆ ಯುಗಾದಿಯ ಮೇಲೆ ದಿನ ಕೊಟ್ಟಿದ್ದಾರೆ. ರಾಯರು ಈಗ ನಮ್ಮ ಮನೆಯ ಮೆಟ್ಟಿಲನ್ನು ಎಡವದೆ ಹತ್ತುತ್ತಾರೆ.

ನನ್ನ ಬೆಂಕಿಪೊಟ್ಟಣವನ್ನು ಆ ದಿನ ಚೀಲಕ್ಕೆ ವಾಪಸು ಹಾಕಲಿಲ್ಲ. ಅದು ಅವರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇದೆ. ಅವರೂ ಕೊಡುವ ಮಾತೆತ್ತಿಲ್ಲ, ನಾನೂ ಕೇಳಿಲ್ಲ. ಮನ್ಸೂರರನ್ನು ಸದ್ಯಕ್ಕೆ ಫೋನಿನಲ್ಲೇ ಕೇಳಿಕೊಳ್ಳುತ್ತಿದ್ದೇನೆ.